ವಿಲಾಳ ಹತ್ತು ಬೆರಳು

ನಾಲ್ಕನೆಯ ಸಲವೂ ವಿಲಾ ಕೈ ಮುಂದೆ ಮಾಡಲಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಮಸಿ ಡಬ್ಬಿ ತೆರೆದೇ ಇತ್ತು. ಪಕ್ಕದಲ್ಲಿ ಬೆರಳಚ್ಚು ಒತ್ತುವ ಸರ್ಕಾರಿ ಕಾರ್ಡು. ಗಂಡ ಹಾರ್ಲನ್ ತನ್ನ ಹತ್ತು ಬೆರಳನ್ನೂ ಒತ್ತಿ ಮುಗಿಸಿದ್ದ.

"ಸೇಬಿನ ಪೈಗೆ ಹಿಟ್ಟು ನಾದ್ತಿದೀನಿ, ಕಾಣಲ್ವಾ? ಮಸಿ ಕೈಲಿ ನಾದಲಾ?" ಎಂದಳು.

"ನಿನ್ನೆ ಇಸ್ತ್ರಿ ಇತ್ತು. ಮೊನ್ನೆ ತಲೆನೋವು. ನಾಳೆ ಏನು, ಭೂಕಂಪವಾ?"

ಅವಳು ಹಿಟ್ಟನ್ನು ಇನ್ನಷ್ಟು ಗುದ್ದಿದಳು, ಅಷ್ಟೆ.

ಹಾರ್ಲನ್‌ಗೆ ಮೈ ಉರಿದದ್ದು ಅದಕ್ಕೇ. ಇದೆಲ್ಲ ಶುರುವಾದದ್ದು ಅವಳಿಗಾಗಿ ತಾನೆ? ಟೆಕ್ಸಸ್ಸಿನ ಆ ಮೂಲೆಯಲ್ಲಿ ಕಾಡುಹಂದಿ ಹೊಡೆಯದೆ ಹುಲ್ಲುಗಾವಲು ಉಳಿಯುವುದಿಲ್ಲ. ವಾರಕ್ಕೆ ಎರಡು ಮೂರು ಸಲ ಅವನು ಹಿತ್ತಿಲ ಜಗಲಿಯಿಂದಲೇ ಗುಂಡು ಹಾರಿಸುತ್ತಿದ್ದ. ಪ್ರತಿ ಸಲವೂ ವಿಲಾ ಬಚ್ಚಲಿಗೆ ಓಡಿ, ಚಿಲಕ ಹಾಕಿ, ನಲ್ಲಿ ಬಿಟ್ಟುಕೊಂಡು ಕೂರುತ್ತಿದ್ದಳು. ಇಪ್ಪತ್ತಾರು ವರ್ಷವಾದರೂ ಅಭ್ಯಾಸವಾಗಲಿಲ್ಲ. ಎಂಥ ಮೆತ್ತಗಿನ ಜೀವ, ಪಾಪ, ಎಂದು ಕರಗಿಹೋಗಿ ಹಾರ್ಲನ್ ಬಂದೂಕಿಗೆ ಸೈಲೆನ್ಸರ್ ಹಾಕಿಸಲು ಹೊರಟಿದ್ದ. ಸಿನಿಮಾದಲ್ಲಿ ತೋರಿಸುವಂತೆ ಅದೇನೂ ಪಿಸುಗುಟ್ಟುವುದಿಲ್ಲ. ಆದರೂ ಕಿವಿಗಡಚಿಕ್ಕುವ ಸದ್ದು ಬಾಗಿಲು ಬಡಿದಷ್ಟಕ್ಕೆ ಇಳಿದರೆ ಅದೇನು ಕಡಿಮೆಯೇ?

ಅಲ್ಲಿ ಬಂದೂಕು ಕೊಳ್ಳುವುದು ಸುಲಭ. ಅದರ ಸದ್ದು ಅಡಗಿಸುವುದಕ್ಕೆ ಮಾತ್ರ ಅರ್ಜಿ, ಫೋಟೋ, ಬೆರಳಚ್ಚು, ಪೂರ್ವಾಪರದ ತನಿಖೆ. ಹುಚ್ಚು ಕಾನೂನು ಅನ್ನಿ, ಏನಾದರೂ ಅನ್ನಿ. ಬಂದೂಕಿನ ಅಂಗಡಿಯ ಗಸ್ ಮುದುಕ ಬೇರೆ ಹೆದರಿಸಿದ್ದ.

"ನಿನ್ನೊಬ್ಬನ ಹೆಸರಲ್ಲಿ ತಗೋಬೇಡ ಮಾರಾಯ. ನೀನು ದನ ಮಾರೋಕೆ ಹೋದ ದಿನ ಬಂದೂಕಿನ ಬೀರು ಕೀಲಿ ನಿನ್ನ ಹೆಂಡತಿ ಹತ್ರ ಇತ್ತೋ, ಅವಳ ಕೈಗೆ ಬೇಡಿ. ಇಬ್ಬರ ಬೆರಳಚ್ಚೂ ಕೊಟ್ಟು ಇಬ್ಬರ ಹೆಸರಲ್ಲೂ ಮಾಡಿಸು. ಇಲ್ಲಿ ಬುದ್ಧಿ ಇರೋರು ಹಾಗೇ ಮಾಡ್ಸೋದು."

ಮನೆಗೆ ಬಂದು ಹಾರ್ಲನ್ ಇಬ್ಬರ ಹೆಸರು ಎಂದದ್ದೇ ತಡ, ವಿಲಾಳ ಮುಖ ಬಿಗಿದುಕೊಂಡಿತ್ತು.

ಭಾನುವಾರ ಹಾರ್ಲನ್‌ನ ಅಕ್ಕ ಓಲೀಟಾ ಚರ್ಚ್ ಮುಗಿಸಿ ಬಂದಳು. ವಿಲಾ ಕೋಳಿಗೆ ಕಾಳು ಹಾಕಲು ಹೊರಗೆ ಹೋದದ್ದನ್ನು ನೋಡಿಕೊಂಡು, ಅವಳು ಮಾಡಿದ ಪೈಯನ್ನೇ ತಿನ್ನುತ್ತ ಬೆಂಕಿ ಹಚ್ಚಿದಳು.

"ಲೋ, ಇಪ್ಪತ್ತಾರು ವರ್ಷದಲ್ಲಿ ನಿನ್ನ ಜೊತೆ ಒಂದು ಕಾಗದಕ್ಕಾದ್ರೂ ಸಹಿ ಹಾಕಿದಾಳಾ ಇವಳು? ಮದುವೆ ರಿಜಿಸ್ಟರ್ ಮಾಡ್ಸೋಣ ಅಂದ್ರೆ ದೇವರಿಗೆ ಗೊತ್ತಿದ್ರೆ ಸಾಕು ಅಂದ್ಲು. ಜಮೀನಿಗೆ ಹೆಸರು ಬೇಡ. ಬ್ಯಾಂಕು ಬೇಡ. ಇವತ್ತಲ್ಲ ನಾಳೆ ಹೊರಡೋಳು ಕಣೋ, ಅದಕ್ಕೇ ಗಂಟು ಹಾಕ್ಕೊಂಡಿಲ್ಲ."

"ಈ ವಯಸ್ಸಲ್ಲಿ ಎಲ್ಲಿಗೆ ಹೋಗ್ತಾಳಕ್ಕ?"

"ಯಾರ ಹತ್ರ ಅಂತ ಕೇಳು."

ಆ ಮಾತು ತಲೆ ಕೊರೆಯತೊಡಗಿತು. ಓಲೀಟಾ ಹೋದ ಮೇಲೆ ಹಾರ್ಲನ್ ಐದನೆಯ ಸಲ ಮಸಿ ಡಬ್ಬಿ ತೆರೆದ.

"ಇವತ್ತು ಹೆಬ್ಬೆಟ್ಟು ಒತ್ತಲಿಲ್ಲ ಅಂದ್ರೆ ನೀನು ನನ್ನ ಹೆಂಡತಿ ಅಲ್ಲ. ಹೋಗೋದಾದ್ರೆ ಈಗಲೇ ಹೋಗು. ಅಲ್ಲಿ ಯಾವನು ಕಾಯ್ತಿದಾನೋ, ಅವನ ಹತ್ರಾನೇ ಹೋಗು."

ವಿಲಾ ಕುರ್ಚಿ ಎಳೆದುಕೊಂಡು ಮೇಜಿನ ಎದುರು ಕೂತಳು. "ನನಗೆ ಈ ಮನೆ ಬಿಟ್ರೆ ಎಲ್ಲೂ ಜಾಗ ಇಲ್ಲ ಹಾರ್ಲನ್. ನೀನೇ ಹೀಗಂದ ಮೇಲೆ ಇನ್ನೇನು, ತಗೋ," ಎಂದು ಎರಡೂ ಕೈ ಚಾಚಿದಳು. ಅವನೇ ಒಂದೊಂದು ಬೆರಳನ್ನೂ ಹಿಡಿದು ಮಸಿಯಲ್ಲಿ ಹೊರಳಿಸಿ ಕಾರ್ಡಿಗೆ ಒತ್ತಿದ.

ಅರ್ಜಿ ಹೋಯಿತು. ಗೆದ್ದೆ ಎಂದುಕೊಂಡ. ಎಲ್ಲಿಯ ಗೆಲುವು! ಮರುವಾರದಿಂದಲೇ ವಿಲಾ ಬೇರೆ ಹೆಂಗಸಾದಳು. ಕೋಳಿಗಳನ್ನು ನೆರೆಯವರಿಗೆ ಕೊಟ್ಟುಬಿಟ್ಟಳು. ಅವನ ಬಿಪಿ ಮಾತ್ರೆಗಳನ್ನು ದಿನದ ಹೆಸರು ಬರೆದ ಡಬ್ಬಿಗಳಿಗೆ ತುಂಬಿದಳು. ಬೀನ್ಸ್ ಕಾಳು ಬೇಯಿಸುವುದನ್ನು ಅವನಿಗೆ ಬಲವಂತವಾಗಿ ಕಲಿಸಿದಳು. ರಸ್ತೆಯಲ್ಲಿ ಕಾರಿನ ಸದ್ದಾದರೆ ಕಿಟಕಿಗೆ ಓಡುತ್ತಿದ್ದಳು. ಕೆಲವು ದಿನ ಚರ್ಚಿಗೆ ಹಾಕುವ ನೀಲಿ ಉಡುಪು ತೊಟ್ಟು ಬೆಳಗಿನಿಂದಲೇ ಮುಂಬಾಗಿಲಲ್ಲಿ ಕೂತಿರುತ್ತಿದ್ದಳು.

ಇನ್ನೇನು ಪುರಾವೆ ಬೇಕು? ಮಂಚದ ಕೆಳಗೆ ಪುಟ್ಟ ಚೀಲವೂ ಸಿಕ್ಕಿತು. ಎರಡು ಜೊತೆ ಬಟ್ಟೆ, ಓದುವ ಕನ್ನಡಕ, ಬೈಬಲ್. ಹಾರ್ಲನ್ ಅದನ್ನು ಅಲ್ಲೇ ತಳ್ಳಿ ಬಾಯಿ ಹೊಲಿದುಕೊಂಡ. ಒಂದು ಮಾತು ಕೇಳಬಾರದಿತ್ತೇ? ಕೇಳಲಿಲ್ಲ, ಮಹಾ ಅಭಿಮಾನಿ. ನಾಲ್ಕು ವಾರ ಅವಳ ಜೊತೆ ಮಾತೇ ಆಡಲಿಲ್ಲ. ಬಡಿಸಿದ್ದನ್ನು ತಿಂದು ಎದ್ದು ಹೋಗುತ್ತಿದ್ದ. ಅವಳು ಒಂದೆರಡು ಸಲ ಏನೋ ಹೇಳಲು ಹೊರಟು, ಅವನ ಬೆನ್ನು ನೋಡಿ ಪಾತ್ರೆ ತೊಳೆಯಲು ಹೋದಳು.

ಒಂದು ಗುರುವಾರ ಮಧ್ಯಾಹ್ನ ಕಾರು ಬಂತು. ವಿಲಾ ನೀಲಿ ಉಡುಪಿನಲ್ಲಿದ್ದಳು. ಚೀಲ ತಂದು ಹೊಸ್ತಿಲ ಬಳಿ ಇಟ್ಟಳು.

"ಬಂದನಾ ನಿನ್ನವನು?" ಎಂದ ಹಾರ್ಲನ್. ನಾಲ್ಕು ವಾರದ ನಂತರ ಅವನಾಡಿದ ಮೊದಲ ಮಾತು ಅದು.

"ಒಲೆ ಮೇಲೆ ಕಾಳು ಬೇಯ್ತಿದೆ. ತಳ ಹಿಡಿಯೋ ಮುಂಚೆ ಇಳಿಸು."

ಕಾರಿನಿಂದ ಇಳಿದವರು ಇಬ್ಬರು ಪೊಲೀಸರು. ಅವರಲ್ಲಿ ಹಿರಿಯಳಾದ ಹೆಂಗಸು ಟೋಪಿ ತೆಗೆದು, "ರೂಬಿ ಟ್ಯಾಗರ್ಟ್?" ಎಂದು ಕೇಳಿದಳು.

"ಈ ಮನೇಲಿ ಆ ಹೆಸರಿನೋರು ಯಾರೂ ಇಲ್ಲ," ಎಂದ ಹಾರ್ಲನ್. "ಸೈಲೆನ್ಸರ್ ವಿಷಯ ತಾನೆ? ಅರ್ಜಿ ಹಾಕಿರೋದು ನಾನು. ಏನಿದ್ರೂ ನನ್ನ ಕೇಳಿ."

"ಬೆರಳಚ್ಚು ಸುಳ್ಳು ಹೇಳಲ್ಲ ಸರ್. ಇಪ್ಪತ್ತೆಂಟು ವರ್ಷದ ಹಿಂದೆ ಅರ್ಕಾನ್ಸಾ ರಾಜ್ಯದಲ್ಲಿ ಜಾಮೀನು ತಗೊಂಡು ಓಡಿಹೋದ ಹೆಂಗಸು ಇವರೇ."

"ಹುಚ್ಚಾ ನಿಮಗೆ? ಇವಳಾ? ಹಂದಿ ಹೊಡೆದ ಸದ್ದಿಗೇ ಬಚ್ಚಲಲ್ಲಿ ಕೂತು ನಡುಗೋಳು ಇವಳು!"

"ನೀನು ಗುಂಡು ಹಾರಿಸಿದಾಗಲೆಲ್ಲ, ಹಾರ್ಲನ್," ಎಂದಳು ವಿಲಾ, ಬೇಡಿಗೆ ಕೈಯೊಡ್ಡುತ್ತ, "ನನ್ನ ಕಣ್ಣೆದುರು ಬೀಳ್ತಿದ್ದೋನು ನಾನು ಕೊಂದು ಬಂದ ಮೊದಲನೇ ಗಂಡ."