ಅಂಗಡಿಯ ತೋಟಾ

ಲೊವೆಲ್ ಮನೆಯಿಂದ ತಂದ ಬಿಸ್ಕತ್ತಿನ ಡಬ್ಬಿ ತೆರೆದರೆ ಒಳಗೆ ಕೋವಿಯ ತೋಟಾಗಳ ಬದಲು ಹೆಂಡತಿಯ ಸೂಜಿ, ದಾರ, ಗುಂಡಿ. ಮೊಂಟಾನಾದ ಆ ಬಯಲಿನಲ್ಲಿ ನಾನೂರು ಗಜದಾಚೆ ತೂಗುತ್ತಿದ್ದ ಉಕ್ಕಿನ ತಟ್ಟೆಗೆ ಅಕ್ಕ ಆರ್ಡಿಸ್ ಹಾರಿಸಿದ ಗುಂಡು ಆಗಲೇ ಬಡಿದಿತ್ತು. ಇವನೂ ಹೊಡೆದರೆ ಇವನದು, ತಪ್ಪಿದರೆ ಮೇಜಿನ ಮೇಲಿನ ಹಕಲ್‌ಬೆರಿ ಹಣ್ಣಿನ ಪೈ ಅವಳ ಪಾಲು.

“ತಗೊಳ್ಳೋ, ಅಂಗಡೀದು,” ಅಕ್ಕ ತನ್ನದೊಂದು ತೋಟಾ ಚಾಚಿದಳು. “ನಿನ್ನ ಕೋವಿಗೆ ಹೋಗುತ್ತೆ ತಾನೆ?”

“ಹೋಗೋದೇನೋ ಹೋಗುತ್ತೆ ಅಕ್ಕ. ಜೊತೆಗೆ ನನ್ನ ಮರ್ಯಾದೇನೂ ಹೋಗುತ್ತೆ.”

ಮೂವತ್ತು ವರ್ಷದಿಂದ ತಾನೇ ರೂಪಿಸಿದ ತೋಟಾಗಳನ್ನಷ್ಟೇ ಹಾರಿಸಿದವನು ಮುಖ ಕಿವುಚಿಕೊಂಡು ಗುರಿಯಿಟ್ಟ. ದೂರದಲ್ಲಿ ತಟ್ಟೆ ಠಣ್ಣೆಂದಿತು.

“ತೋಟಾ ನಂದು. ಹಾಗಾಗಿ ಪೈಯೂ ನಂದು,” ಎಂದಳು ಆರ್ಡಿಸ್.

ಲೊವೆಲ್ ಬಿಸಿಯಾಗಿದ್ದ ಖಾಲಿ ಹಿತ್ತಾಳೆ ಕೋಶವನ್ನು ಅಂಗೈಗೆ ಹಾಕಿಕೊಂಡು ನಕ್ಕ. ಕತ್ತಿನ ಕೆಳಗೆ ಇಳಿಜಾರು ಹೆಗಲಿದ್ದ ಅಂಗಡಿಯ ಕೋಶ, ಅವನು ತನ್ನ ಅಳತೆಗೆ ತುಸು ಅಗಲವಾಗಿ ಕೊರೆಸಿದ್ದ ಕೋವಿಯೊಳಗೆ ಸಿಡಿದು ಉಬ್ಬಿ, ಅವನ ತೋಟಾಗಳಂತೆಯೇ ಹೆಗಲು ಸೆಟೆಸಿಕೊಂಡು ಹೊರಬಂದಿತ್ತು.

“ನಿಂದಾದ್ರೆ ನಿನ್ನ ಕೋವಿಗೆ ಹಾಕು, ನೋಡೋಣ.”

ಆರ್ಡಿಸ್ ಒತ್ತಿದಳು, ತಿರುಗಿಸಿದಳು, ಮತ್ತೆ ಒತ್ತಿದಳು. ಅದು ಹೋಗಲೊಲ್ಲದು.

“ಒಂದೇ ಏಟಿಗೆ ನಿನ್ನ ಮೊಂಡುತನ ಕಲಿತುಬಿಡ್ತಲ್ಲೋ,” ಎಂದು ನಗುತ್ತಾ ಪೈಯನ್ನು ಅವನ ಕಡೆ ತಳ್ಳಿದಳು.