ಕೆಮ್ಮಬೇಕಾದ ಜಾಗ

ಎರಡನೇ ನುಡಿ ಮುಗಿಯಿತು, ವೆಂಕೋಬರಾಯರು ಕೆಮ್ಮಲಿಲ್ಲ.

ಶಿಕಾರಿಪುರದ ಪೆಂಡಾಲಿನಲ್ಲಿ ಮುಂದೆಯೇ ಕೂತಿದ್ದ ಗುರುಶಾಂತಪ್ಪನಿಗೆ ಮೆಟ್ಟಿಲು ತಪ್ಪಿದಂತಾಯಿತು. ರಾಯರು ಹಾಡುತ್ತಿದ್ದ ಈ ತತ್ವಪದವನ್ನು ಅವನು ಸೊರಬದ ಮನೆಯಲ್ಲಿ ವರ್ಷಗಟ್ಟಲೆ ಟೇಪಿನಲ್ಲಿ ಕೇಳಿದವನು. ಯಾವುದೋ ಹಳೇ ಕಛೇರಿಯದು, ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಹಾಡು ತುಂಬಿಸಿಕೊಂಡ ಕ್ಯಾಸೆಟ್ಟು. ಅದರಲ್ಲಿ ಇದೇ ಜಾಗಕ್ಕೆ ರಾಯರು ಕೆಮ್ಮುತ್ತಿದ್ದರು, ಜೊತೆಗೆ ಅವನೂ ಕೆಮ್ಮುತ್ತಿದ್ದ.

“ಇವ್ರು ರಾಯರು ಹೌದೇನ್ರೀ?” ಹೆಂಡತಿ ಮಹಾದೇವಮ್ಮ ಕಿವಿಯಲ್ಲಿ ಕೇಳಿದಳು. “ಕೆಮ್ಮಲೇ ಇಲ್ವಲ್ಲ!”

ರಾಯರು ಮೂರನೇ ನುಡಿಗೆ ಉಸಿರೆಳೆದುಕೊಂಡರು. ಗುರುಶಾಂತಪ್ಪನಿಗೆ ತಡೆಯಲಾಗಲಿಲ್ಲ, ತಾನೇ ಕೆಮ್ಮಿಬಿಟ್ಟ. ಎಡಗಡೆಯಿಂದ ಇನ್ಯಾರೋ ಕೆಮ್ಮಿದರು, ಹಿಂದಿನಿಂದ ಮತ್ತಿಬ್ಬರು, ಆಮೇಲೆ ಇಡೀ ಪೆಂಡಾಲೇ ಕೆಮ್ಮಿತು. ಸೊರಬ, ಶಿಕಾರಿಪುರ ಎರಡೂ ತಾಲೂಕಿನವರು ಅದೇ ಅಂಗಡಿಯಲ್ಲಿ, ಅದೇ ಮೂಲ ಕ್ಯಾಸೆಟ್ಟಿನಿಂದ ತುಂಬಿಸಿಕೊಂಡವರು.

ರಾಯರು ಹಾರ್ಮೋನಿಯಂ ನಿಲ್ಲಿಸಿದರು. “ಅಯ್ಯೋ, ಆವತ್ತು ನನಗೆ ನೆಗಡಿಯಾಗಿತ್ತು ಕಣ್ರಪ್ಪಾ!” ಎಂದರು. ಯಾರೂ ನಗಲಿಲ್ಲ. ಎಲ್ಲರೂ ಕಾಯುತ್ತಲೇ ಇದ್ದರು. ಬೇರೆ ದಾರಿ ಕಾಣದೆ ಅವರು ಎರಡನೇ ನುಡಿಯನ್ನು ಮತ್ತೆ ಹಾಡಿ, ಮೈಕಿಗೆ ಬಾಯಿಟ್ಟು ಗಟ್ಟಿಯಾಗಿ ಒಮ್ಮೆ ಕೆಮ್ಮಿದರು.

ಚಪ್ಪಾಳೆಯ ನಡುವೆ ಮಹಾದೇವಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

“ಅವ್ರೇ ಕಣ್ರೀ!”