ಕೈ ಎತ್ತದವರ ಹೆಸರು

"ಅದಿರು ಲಾರಿ ಊರೊಳಗ ಬರಬಾರದು ಅಂತ ಠರಾವು. ಎಲ್ರಿಗೂ ಒಪ್ಪಿಗಿ ಐತೇನ್ರಿ?" ಎಂದು ಅಧ್ಯಕ್ಷರು ಕೇಳಿದ್ದೇ ತಡ, ಗಾದಿಗನೂರಿನ ಗ್ರಾಮಸಭೆ ಒಂದೇ ದನಿಯಲ್ಲಿ "ಹೂಂ" ಎಂದಿತು. ಗಂಗಾಂಬಿಕಾ ಟೀಚರ್ ಪಕ್ಕದಲ್ಲೇ ಕೂತಿದ್ದ ಅವರ ಗಂಡನ ಹೂಂ ಎಲ್ಲರದಕ್ಕಿಂತ ಜೋರಾಗಿತ್ತು. ಎರಡು ಅದಿರು ಲಾರಿಗಳ ಮಾಲೀಕರು ಅವರು.

ಟೀಚರ್ ನೋಟ್‌ಬುಕ್ ಹಿಡಿದು, ವೇದಿಕೆಯ ಮೇಲಿದ್ದ ಶಾಸಕರತ್ತ ತಿರುಗಿ ಎದ್ದು ನಿಂತರು. ನಿವೃತ್ತರಾದಾಗಿನಿಂದ ವಿಧಾನಸಭೆಯ ಕಲಾಪ ನೋಡಿ, ತಮ್ಮ ಶಾಸಕರು ಏನು ಮಾತಾಡಿದರು, ಯಾವ ಕಡೆ ಮತ ಹಾಕಿದರು ಎಂದು ಅದರಲ್ಲಿ ಬರೆದಿಡುವುದು ಅವರ ರೂಢಿ.

"ಸಾಹೇಬ್ರ, ಲಾರಿ ಧೂಳಿನ ಬಗ್ಗೆ ನೀವು ಎರಡು ಸಲ ಮಾತಾಡೀರಿ, ಬರಕೊಂಡೀನಿ. ಮತದ ಕಾಲಂ ಮಾತ್ರ ಖಾಲಿ ಐತ್ರಿ. ವಿಧಾನಸಭಾದಾಗೂ ಹಿಂಗ ಎಲ್ಲಾರೂ ಕೂಡಿ ಹೂಂ ಅಂತೀರಿ, ಯಾರು ಅಂದ್ರು ಯಾರು ಬಿಟ್ರು ಗೊತ್ತಾಗಂಗಿಲ್ಲ. ಇಲ್ಲಾದ್ರೂ ಕೈ ಎತ್ತಿಸ್ರಿ."

ಶಾಸಕರು ನಕ್ಕು, ಮೊದಲು ತಾವೇ ಕೈ ಎತ್ತಿದರು. ಸಭೆಯ ಕೈಗಳು ಒಂದೊಂದಾಗಿ ಮೇಲೆದ್ದವು. ಟೀಚರ್ ಪಕ್ಕದ ಕುರ್ಚಿಯಲ್ಲಿ ಎರಡು ಕೈ ಮಾತ್ರ ಮೊಣಕಾಲ ಮೇಲಿಂದ ಕದಲಲಿಲ್ಲ.

"ಎತ್ತದವರು ಯಾರಾರ ಅದಾರೇನ್ರಿ, ಟೀಚರ್? ಹೆಸರು ಹೇಳ್ರಿ, ಬರಸೋಣ," ಎಂದರು ಶಾಸಕರು, ಇನ್ನೂ ನಗುತ್ತಲೇ.

ಮದುವೆಯಾದ ಮೂವತ್ತೆಂಟು ವರ್ಷದಲ್ಲಿ ಗಂಡನ ಹೆಸರನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿದವರಲ್ಲ ಗಂಗಾಂಬಿಕಾ. ಯಾರು ಕೇಳಿದರೂ 'ನಮ್ಮ ಮನಿಯವರು' ಅಷ್ಟೇ. ಅವರು ಕನ್ನಡಕ ಸರಿಮಾಡಿಕೊಂಡರು.

"ಪಂಪಾಪತಿ," ಎಂದರು.